22 ವೋಲ್ಟ್‌ಗೆ ಬಂದ ಉತ್ತರ 23ಕ್ಕೆ ಏಕೆ ಬರುವುದಿಲ್ಲ?

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರ್. ರಚನಾ ವಿಶ್ಲೇಷಣೆಯಲ್ಲಿ ಅನುಭವವಿದೆ, ವಿದ್ಯುತ್ ಕ್ಷೇತ್ರದ ಲೆಕ್ಕ ಹೊಸದು. ಈಗ ಸ್ಥಿರವಿದ್ಯುತ್ ಬಲದಿಂದ ಬಾಗುವ ಒಂದು ಸೂಕ್ಷ್ಮ ಸ್ವಿಚ್‌ನ ಸಿಮ್ಯುಲೇಷನ್ ಮಾಡಬೇಕಾಗಿದೆ. ಪಾಲಿಸಿಲಿಕಾನ್ ಕ್ಯಾಂಟಿಲಿವರ್ (ಒಂದು ತುದಿ ಮಾತ್ರ ಬಿಗಿದ ತೊಲೆ), ಉದ್ದ 160, ಅಗಲ 20, ದಪ್ಪ 2 ಮೈಕ್ರೋಮೀಟರ್. ಕೆಳಗೆ 2 ಮೈಕ್ರೋಮೀಟರ್ ಗಾಳಿಯ ತೆರಪು, ಅದರಡಿ ಉದ್ದಕ್ಕೂ ಎಲೆಕ್ಟ್ರೋಡ್. ವೋಲ್ಟೇಜನ್ನು ಒಂದೊಂದೇ ವೋಲ್ಟ್ ಏರಿಸುತ್ತ ಹೋದರೆ 22ರವರೆಗೆ ಉತ್ತರ ಸಿಗುತ್ತದೆ. 23ಕ್ಕೆ ಸಾಲ್ವರ್ (ಸಮೀಕರಣ ಬಿಡಿಸುವ ಭಾಗ) ಕನ್ವರ್ಜ್ ಆಗುವುದಿಲ್ಲ, ಅಂದರೆ ಒಂದು ಉತ್ತರಕ್ಕೆ ಬಂದು ನಿಲ್ಲುವುದಿಲ್ಲ. ಮೆಶ್ (ಲೆಕ್ಕಕ್ಕಾಗಿ ಮಾದರಿಯನ್ನು ಒಡೆದ ತುಣುಕುಗಳ ಜಾಲ) ಸೂಕ್ಷ್ಮಗೊಳಿಸಿದೆ, ಹೆಜ್ಜೆಗಳನ್ನು ಕಿರಿದಾಗಿಸಿದೆ, ಪ್ರಯೋಜನವಾಗಲಿಲ್ಲ. ಸಾಫ್ಟ್‌ವೇರ್ ಜೊತೆ ಬರುವ ಪಾಠದ ಮಾದರಿಗಳು ಮಾತ್ರ ಸುಸೂತ್ರವಾಗಿ ಓಡುತ್ತವೆ. ತಪ್ಪು ಎಲ್ಲಿದೆ? ಈ ವಿದ್ಯೆಯನ್ನು ಕ್ರಮವಾಗಿ ಕಲಿಯುವುದು ಹೇಗೆ, ಯಾವ ಸಾಫ್ಟ್‌ವೇರ್‌ನಿಂದ ಶುರುಮಾಡಲಿ?

ಉತ್ತರ: ನೀವು ಅಳತೆಗಳನ್ನು ಕೊಟ್ಟದ್ದು ಒಳ್ಳೆಯದಾಯಿತು. ಅವನ್ನು ನೋಡಿದರೆ ನಿಮ್ಮ ಸಾಲ್ವರ್ ಕೆಟ್ಟಿಲ್ಲ, ಮೆಶ್ ಕೂಡ ಬಹುಶಃ ಕೆಟ್ಟಿಲ್ಲ. 23 ವೋಲ್ಟ್‌ನಲ್ಲಿ ನೀವು ಕೇಳುತ್ತಿರುವ ಉತ್ತರವೇ ಇಲ್ಲ. ಆ ವೋಲ್ಟೇಜಿನಲ್ಲಿ ತೊಲೆ ಗಾಳಿಯಲ್ಲಿ ಎಲ್ಲಿಯೂ ನಿಲ್ಲಲಾರದು, ನೇರವಾಗಿ ಕೆಳಗಿನ ಎಲೆಕ್ಟ್ರೋಡಿಗೆ ಹೋಗಿ ಬಡಿಯುತ್ತದೆ. ಇದಕ್ಕೆ ಪುಲ್-ಇನ್ ಎನ್ನುತ್ತಾರೆ. ಇಲ್ಲದ ಸಮತೋಲನವನ್ನು ಹುಡುಕಲು ಹೇಳಿದರೆ ಪ್ರಾಮಾಣಿಕ ಸಾಲ್ವರ್ ಕೈಚೆಲ್ಲಲೇಬೇಕು.

ರಚನಾ ವಿಶ್ಲೇಷಣೆಯಿಂದ ಬಂದವರಿಗೆ ಇದು ಕಸಿವಿಸಿ ಉಂಟುಮಾಡುವುದು ಸಹಜ. ಅಲ್ಲಿ ಹೊರೆ ನೀವು ಕೊಟ್ಟಷ್ಟೇ ಇರುತ್ತದೆ. ತೊಲೆ ಬಾಗಿತೆಂದು ಅದರ ಮೇಲಿನ ಭಾರ ಹೆಚ್ಚುವುದಿಲ್ಲ. ಇಲ್ಲಿ ತೊಲೆ ಬಾಗಿದಷ್ಟೂ ತೆರಪು ಕಿರಿದಾಗುತ್ತದೆ, ತೆರಪು ಕಿರಿದಾದಷ್ಟೂ ಎಳೆತ ಬಲಿಯುತ್ತದೆ. ಸ್ಪ್ರಿಂಗ್ ಬಲ ಪಲ್ಲಟದ (ಸರಿದ ದೂರದ) ಜೊತೆ ಸರಳ ರೇಖೆಯಲ್ಲಿ ಏರಿದರೆ, ವಿದ್ಯುತ್ ಎಳೆತ ತೆರಪಿನ ವರ್ಗಕ್ಕೆ ವಿಲೋಮವಾಗಿ ಏರುತ್ತದೆ. ಒಂದು ಹಂತದ ಬಳಿಕ ಸ್ಪ್ರಿಂಗ್ ಸೋಲುವುದು ಖಚಿತ. ಕಲಿಯಬೇಕಾದ ವಿಷಯದ ತಿರುಳು ಇದೇ. ಮೆನು ಎಲ್ಲಿದೆ, ಯಾವ ಗುಂಡಿ ಒತ್ತಬೇಕು ಎಂಬುದೆಲ್ಲ ಆಮೇಲೆ.

ಆದ್ದರಿಂದ ಸಾಫ್ಟ್‌ವೇರ್ ಮುಚ್ಚಿಡಿ, ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. ಮೇಲೆ ಒಂದು ಚೌಕ ಫಲಕ, ಬದಿ 100 ಮೈಕ್ರೋಮೀಟರ್, ಮೀಟರಿಗೆ 5 ನ್ಯೂಟನ್ ಬಿಗಿತದ ಸ್ಪ್ರಿಂಗಿಗೆ ತೂಗುಬಿಟ್ಟಿದೆ. ಕೆಳಗೆ ಕದಲದ ಫಲಕ. ನಡುವೆ 2 ಮೈಕ್ರೋಮೀಟರ್ ತೆರಪು. ಎರಡರ ನಡುವಿನ ಎಳೆತ: ನಿರ್ವಾತದ ವಿದ್ಯುತ್‌ಶೀಲತೆ, ಅಂದರೆ ಮೀಟರಿಗೆ 8.854 ಪಿಕೋಫ್ಯಾರಡ್, ಗುಣಿಸು ಕ್ಷೇತ್ರಫಲ, ಗುಣಿಸು ವೋಲ್ಟೇಜಿನ ವರ್ಗ, ಭಾಗಿಸು ತೆರಪಿನ ವರ್ಗದ ಎರಡರಷ್ಟು. 10 ವೋಲ್ಟ್ ಕೊಡಿ. ಮೊದಲ ಎಳೆತ 1.107 ಮೈಕ್ರೋನ್ಯೂಟನ್, ಅದಕ್ಕೆ ಫಲಕ 0.221 ಮೈಕ್ರೋಮೀಟರ್ ಇಳಿಯುತ್ತದೆ. ಈಗ ತೆರಪು 1.779 ಮಾತ್ರ, ಆದ್ದರಿಂದ ಬಲವನ್ನು ಮತ್ತೆ ಲೆಕ್ಕ ಹಾಕಬೇಕು. ಹೊಸ ಪಲ್ಲಟ 0.280. ಮುಂದೆ 0.299, 0.306, 0.309, ಕೊನೆಗೆ 0.310ಕ್ಕೆ ಬಂದು ನಿಲ್ಲುತ್ತದೆ. ವಿದ್ಯುತ್ ಲೆಕ್ಕ, ರಚನೆಯ ಲೆಕ್ಕ, ಮತ್ತೆ ವಿದ್ಯುತ್ ಲೆಕ್ಕ ಎಂದು ಸರದಿಯಲ್ಲಿ ಸಾಗುವ ಜೋಡಣೆಯ ಸಾಫ್ಟ್‌ವೇರ್‌ಗಳು ಒಳಗೆ ಮಾಡುವುದು ಅಕ್ಷರಶಃ ಇದನ್ನೇ. ಇಲ್ಲಿ ಒಂದು ಅಂಕಿ ಇರುವಲ್ಲಿ ಅಲ್ಲಿ ಲಕ್ಷ ಅಂಕಿಗಳಿರುತ್ತವೆ, ಅಷ್ಟೆ.

ಇದೇ ಲೆಕ್ಕವನ್ನು 12 ವೋಲ್ಟ್‌ಗೆ ಮಾಡಿ ನೋಡಿ. ಪಲ್ಲಟಗಳು ಹೀಗೆ ಸಾಗುತ್ತವೆ: 0.319, 0.451, 0.531, 0.591, 0.642, 0.692, 0.745, 0.809, 0.899, 1.053, 1.420. ಮುಂದಿನ ಸುತ್ತಿನಲ್ಲಿ ಫಲಕ ಎಲೆಕ್ಟ್ರೋಡನ್ನೇ ತೂರಿಕೊಂಡು ಆಚೆ ಹೋಗಿರುತ್ತದೆ. ಸುತ್ತಿನಿಂದ ಸುತ್ತಿಗೆ ಆಗುವ ಏರಿಕೆಯನ್ನು ಗಮನಿಸಿ. ಮೊದಲು 0.13, ಆಮೇಲೆ 0.08, 0.06, 0.05 ಎಂದು ಕುಗ್ಗುತ್ತ ಬರುತ್ತದೆ. ನೋಡುವವರಿಗೆ ಇನ್ನೇನು ಉತ್ತರ ಬಂದೇಬಿಟ್ಟಿತು ಅನ್ನಿಸುತ್ತದೆ. ಅಲ್ಲಿಂದ ಮುಂದೆ ಅದೇ ಏರಿಕೆ ಹಿಗ್ಗತೊಡಗಿ ಎಲ್ಲವೂ ಕುಸಿಯುತ್ತದೆ. ಪಲ್ಲಟದಲ್ಲಿ ಶೇಕಡಾ 10ರ ವ್ಯತ್ಯಾಸ ಸಾಕು ಎಂದು ನೀವು ಸಾಲ್ವರ್‌ಗೆ ಹೇಳಿದ್ದರೆ, ಅದು 0.642ರಲ್ಲೇ ನಿಂತು ‘ಕನ್ವರ್ಜ್ ಆಗಿದೆ’ ಎಂದು ಹಸಿರು ದೀಪ ತೋರಿಸುತ್ತಿತ್ತು. ಅಲ್ಲಿ ಸಮತೋಲನವೇ ಇಲ್ಲ! ಉತ್ತರ ಬಾರದ ಸಿಮ್ಯುಲೇಷನ್‌ಗಿಂತ ಇಂಥ ಸುಳ್ಳು ಉತ್ತರ ಹತ್ತು ಪಟ್ಟು ಅಪಾಯಕಾರಿ. ಪುಲ್-ಇನ್ ಹತ್ತಿರ ಕೆಲಸ ಮಾಡುವಾಗ ಸಹನೆಯ ಮಿತಿಯನ್ನು ಸಾವಿರಕ್ಕೆ ಒಂದಕ್ಕಿಂತ ಸಡಿಲ ಬಿಡಬೇಡಿ.

ಈ ಫಲಕದ ನಿಜವಾದ ಪುಲ್-ಇನ್ ವೋಲ್ಟೇಜ್ 11.57. ಅದಕ್ಕೊಂದು ಸೂತ್ರವಿದೆ: ಬಿಗಿತ ಗುಣಿಸು ತೆರಪಿನ ಘನ ಗುಣಿಸು 8, ಭಾಗಿಸು 27 ಗುಣಿಸು ವಿದ್ಯುತ್‌ಶೀಲತೆ ಗುಣಿಸು ಕ್ಷೇತ್ರಫಲ, ಬಂದುದರ ವರ್ಗಮೂಲ. ಆ ಕ್ಷಣದಲ್ಲಿ ಫಲಕ ತೆರಪಿನ ಸರಿಯಾಗಿ ಮೂರನೇ ಒಂದು ಭಾಗ ಇಳಿದಿರುತ್ತದೆ. ಹಾರ್ವಿ ನ್ಯಾಥನ್ಸನ್ ಮತ್ತು ಸಹೋದ್ಯೋಗಿಗಳು ಕಂಪಿಸುವ ಗೇಟ್ ಇರುವ ಟ್ರಾನ್ಸಿಸ್ಟರ್ ಕುರಿತು 1967ರಲ್ಲಿ ಪ್ರಕಟಿಸಿದ ಕಾಲದಿಂದ ಈ ಅಸ್ಥಿರತೆ ಈ ಕ್ಷೇತ್ರದವರಿಗೆ ಗೊತ್ತು.

ಇಲ್ಲಿ ಒಂದು ಸೊಗಸಾದ ಸಂಗತಿ ಇದೆ, ಪಾಠದ ಮಾದರಿಗಳಲ್ಲಿ ಇದನ್ನು ಯಾರೂ ತೋರಿಸುವುದಿಲ್ಲ. ಸರದಿಯ ಲೆಕ್ಕದಲ್ಲಿ ಪ್ರತಿ ಸುತ್ತಿಗೆ ದೋಷ ಎಷ್ಟು ಪಾಲಾಗಿ ಉಳಿಯುತ್ತದೆ? ಪಲ್ಲಟದ ಎರಡರಷ್ಟನ್ನು ಉಳಿದ ತೆರಪಿನಿಂದ ಭಾಗಿಸಿದಷ್ಟು. 10 ವೋಲ್ಟ್‌ನಲ್ಲಿ ಅದು 0.62 ಭಾಗಿಸು 1.69, ಅಂದರೆ 0.37. ಪ್ರತಿ ಸುತ್ತಿಗೆ ದೋಷ ಮೂರನೇ ಒಂದರ ಆಸುಪಾಸಿಗೆ ಇಳಿಯುತ್ತದೆ, ಆರೇಳು ಸುತ್ತಿನಲ್ಲಿ ಕೆಲಸ ಮುಗಿಯುತ್ತದೆ. 11.5 ವೋಲ್ಟ್‌ನಲ್ಲಿ ಅದೇ ಅನುಪಾತ 0.82, ಸಾಲ್ವರ್ ಕುಂಟುತ್ತದೆ. ಪಲ್ಲಟ ತೆರಪಿನ ಮೂರನೇ ಒಂದಾದಾಗ ಅನುಪಾತ ಸರಿಯಾಗಿ 1. ಈ ಅನುಪಾತ ಬೇರೇನೂ ಅಲ್ಲ, ವಿದ್ಯುತ್ ಕ್ಷೇತ್ರ ಕಿತ್ತುಕೊಳ್ಳುವ ಬಿಗಿತ ಮತ್ತು ಸ್ಪ್ರಿಂಗಿನ ಬಿಗಿತ, ಇವೆರಡರ ನಿಷ್ಪತ್ತಿ. ಹಾಗಾಗಿ ಈ ವಿಧಾನದಲ್ಲಿ ಗಣಿತ ಸೋಲುವುದೂ ಸಾಧನ ಕುಸಿಯುವುದೂ ಒಂದೇ ಬಿಂದುವಿನಲ್ಲಿ. ಪ್ರತಿ ವೋಲ್ಟೇಜಿಗೆ ಎಷ್ಟು ಸುತ್ತು ಬೇಕಾಯಿತು ಎಂದು ಬರೆದಿಟ್ಟುಕೊಳ್ಳಿ. ಸುತ್ತುಗಳು 5, 6, 9, 20 ಎಂಬಂತೆ ಏರುತ್ತ ಹೋಗಿ ನಂತರ ಸೋತರೆ ಪುಲ್-ಇನ್ ಹತ್ತಿರವಿದೆ. ಐದೈದೇ ಸುತ್ತು ಹಿಡಿಯುತ್ತಿದ್ದು ಇದ್ದಕ್ಕಿದ್ದಂತೆ ಸೋತರೆ ಮೆಶ್ ತಿರುಚಿಕೊಂಡಿದೆ, ಅಥವಾ ಬೇರೇನೋ ಮುರಿದಿದೆ.

ಎರಡೂ ಕ್ಷೇತ್ರಗಳನ್ನು ಒಂದೇ ಮ್ಯಾಟ್ರಿಕ್ಸ್‌ನಲ್ಲಿಟ್ಟು ಒಟ್ಟಿಗೆ ಬಿಡಿಸುವ ವಿಧಾನವೂ ಇದೆ. ಪುಲ್-ಇನ್ ಹತ್ತಿರ ಅದು ಬಹಳ ಚುರುಕು. ಆದರೂ ವೋಲ್ಟೇಜ್ ಏರಿಸುತ್ತ ಹೋದರೆ ಅದೂ ಅಲ್ಲಿಯೇ ನಿಲ್ಲುತ್ತದೆ. ದಾಟಬೇಕೆಂದರೆ ಪ್ರಶ್ನೆಯನ್ನೇ ತಿರುಗಿಸಬೇಕು. ‘ಇಷ್ಟು ವೋಲ್ಟ್‌ಗೆ ಎಷ್ಟು ಬಾಗುತ್ತದೆ’ ಎಂದು ಕೇಳುವ ಬದಲು ‘ತುದಿ ಇಷ್ಟು ಬಾಗಬೇಕಾದರೆ ಎಷ್ಟು ವೋಲ್ಟ್ ಬೇಕು’ ಎಂದು ಕೇಳಿ. ತುದಿಯ ಪಲ್ಲಟವನ್ನು ನೀವು ನಿಗದಿ ಮಾಡುತ್ತೀರಿ, ವೋಲ್ಟೇಜ್ ಅಜ್ಞಾತವಾಗುತ್ತದೆ. ಆಗ ಪಲ್ಲಟ ಹೆಚ್ಚಿದಂತೆ ವೋಲ್ಟೇಜ್ ಏರಿ, ಒಂದು ಶಿಖರ ಮುಟ್ಟಿ, ಮತ್ತೆ ಇಳಿಯುವ ವಕ್ರರೇಖೆ ಸಿಗುತ್ತದೆ. ಶಿಖರವೇ ಪುಲ್-ಇನ್. ಸಾಲ್ವರ್ ಎಲ್ಲಿಯೂ ತಡವರಿಸದೆ ಸಿಕ್ಕ ಶಿಖರ ಅದು, ಹಾಗಾಗಿ ಅದರ ಮೇಲೆ ಅನುಮಾನ ಉಳಿಯುವುದಿಲ್ಲ. ವೋಲ್ಟೇಜಿನ ಬದಲು ವಿದ್ಯುದಾವೇಶವನ್ನು ನಿಗದಿಪಡಿಸುವುದು ಇನ್ನೊಂದು ದಾರಿ. ಆದರ್ಶ ಸಮಾನಾಂತರ ಫಲಕಗಳಲ್ಲಿ ಆವೇಶ ಸ್ಥಿರವಾಗಿದ್ದರೆ ಪುಲ್-ಇನ್ ಇಲ್ಲವೇ ಇಲ್ಲ.

ಇನ್ನು ನಿಮ್ಮ ತೊಲೆಗೆ ಬರೋಣ. ಕ್ಯಾಂಟಿಲಿವರ್‌ನ ಪುಲ್-ಇನ್ ವೋಲ್ಟೇಜಿನ ವರ್ಗಕ್ಕೆ ಚೆನ್ನಾಗಿ ಪಳಗಿದ ಅಂದಾಜು ಸೂತ್ರವಿದೆ: 0.28 ಗುಣಿಸು ಯಂಗ್ ಗುಣಾಂಕ (ವಸ್ತುವಿನ ಬಿಗಿತದ ಅಳತೆ) ಗುಣಿಸು ದಪ್ಪದ ಘನ ಗುಣಿಸು ತೆರಪಿನ ಘನ, ಭಾಗಿಸು ವಿದ್ಯುತ್‌ಶೀಲತೆ ಗುಣಿಸು ಉದ್ದದ ನಾಲ್ಕನೇ ಘಾತ. ಅಂಚಿನಲ್ಲಿ ಹೊರಚೆಲ್ಲುವ ಕ್ಷೇತ್ರಕ್ಕಾಗಿ ಅದನ್ನು ಮತ್ತೆ 1 ಕೂಡಿಸು 0.42 ಗುಣಿಸು ತೆರಪು ಭಾಗಿಸು ಅಗಲ ಎಂಬುದರಿಂದ ಭಾಗಿಸಬೇಕು. ನೀವು ಗುಣಾಂಕವನ್ನು ಹೇಳಿಲ್ಲ. ಪಾಲಿಸಿಲಿಕಾನ್‌ಗೆ ಸಾಮಾನ್ಯವಾಗಿ ಬಳಸುವ 160 ಗಿಗಾಪಾಸ್ಕಲ್ ಹಿಡಿದರೆ 21.8 ವೋಲ್ಟ್ ಬರುತ್ತದೆ. ಆದರೆ ನಿಮ್ಮ ಮಾದರಿ 22ರಲ್ಲೂ ಉತ್ತರ ಕೊಟ್ಟಿದೆಯಲ್ಲ! ಏಕೆಂದರೆ ನಿಮ್ಮ ತೊಲೆಯ ಅಗಲ ದಪ್ಪದ ಹತ್ತು ಪಟ್ಟು. ಅಷ್ಟು ಅಗಲದ ಪಟ್ಟಿ ತೊಲೆಗಿಂತ ಹೆಚ್ಚಾಗಿ ಫಲಕದಂತೆ ಬಾಗುತ್ತದೆ, ಆದ್ದರಿಂದ ಗುಣಾಂಕವನ್ನು 1 ಕಳೆ ಪಾಯ್ಸನ್ ಅನುಪಾತದ ವರ್ಗದಿಂದ ಭಾಗಿಸಿಕೊಳ್ಳಬೇಕು. 0.22ರ ಅನುಪಾತಕ್ಕೆ 168 ಗಿಗಾಪಾಸ್ಕಲ್ ಆಗುತ್ತದೆ, ವೋಲ್ಟೇಜ್ 22.3ಕ್ಕೆ ಏರುತ್ತದೆ. ಅಂದಾಜು ಸೂತ್ರವನ್ನು ದಶಾಂಶದವರೆಗೆ ನಂಬಬಾರದು, ನಿಜ. ಆದರೂ 22 ಮತ್ತು 23ರ ನಡುವೆ ಏನಾಗುತ್ತಿದೆ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು. ಪುಲ್-ಇನ್ ಹೊತ್ತಿಗೆ ನಿಮ್ಮ ತುದಿ ಇಳಿದಿರುವುದು ಮೂರನೇ ಒಂದು ಭಾಗವಲ್ಲ, ತೆರಪಿನ ಸುಮಾರು ಶೇಕಡಾ 45. ತೊಲೆ ಬುಡದ ಬಳಿ ಕಡಿಮೆ ಇಳಿದು ತುದಿಯಲ್ಲಿ ಹೆಚ್ಚು ಇಳಿಯುವುದರಿಂದ ಈ ವ್ಯತ್ಯಾಸ. ಮೂರನೇ ಒಂದರ ನಿಯಮವನ್ನು ಎಲ್ಲ ಸಾಧನಗಳಿಗೂ ಕಣ್ಣುಮುಚ್ಚಿ ಹಚ್ಚುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಸೂತ್ರದ ಘಾತಗಳನ್ನೂ ಒಮ್ಮೆ ದಿಟ್ಟಿಸಿ ನೋಡಿ. ತೆರಪಿನಲ್ಲಿ ಶೇಕಡಾ 10 ತಪ್ಪಿದರೆ ವೋಲ್ಟೇಜ್ ಶೇಕಡಾ 15ರಷ್ಟು ತಪ್ಪುತ್ತದೆ, ದಪ್ಪಕ್ಕೂ ಅಷ್ಟೇ, ಉದ್ದಕ್ಕೆ ಶೇಕಡಾ 20ರ ಆಸುಪಾಸು. ಮೆಶ್ ಸೂಕ್ಷ್ಮಗೊಳಿಸಿ ಗಳಿಸುವ ಶೇಕಡಾ ಅರ್ಧದ ನಿಖರತೆ, ನಕ್ಷೆಯಲ್ಲಿ 2 ಎಂದಿದ್ದು ತಯಾರಾಗಿ ಬರುವಾಗ 1.9 ಆಗಿರುವ ತೆರಪಿನ ಮುಂದೆ ಏನೂ ಅಲ್ಲ. ತಯಾರಿಕೆಯಲ್ಲಿ ಉಳಿದುಕೊಂಡ ಪ್ರತಿಬಲವೂ (ಸ್ಟ್ರೆಸ್) ಹಾಗೆಯೇ. ಎರಡೂ ತುದಿ ಬಿಗಿದ ತೊಲೆಯಲ್ಲಿ ಅದು ಪುಲ್-ಇನ್ ವೋಲ್ಟೇಜನ್ನೇ ಬದಲಿಸಿಬಿಡುತ್ತದೆ. ಕ್ಯಾಂಟಿಲಿವರ್‌ನಲ್ಲಿ ಸಮನಾದ ಪ್ರತಿಬಲ ಹೊರಟುಹೋಗುತ್ತದೆ, ಆದರೆ ದಪ್ಪದುದ್ದಕ್ಕೂ ಅದು ಬದಲಾಗುತ್ತಿದ್ದರೆ ತೊಲೆ ಮೊದಲೇ ಮೇಲಕ್ಕೋ ಕೆಳಕ್ಕೋ ಸುರುಳಿಯಾಗಿರುತ್ತದೆ, ತೆರಪು ನೀವು ಅಂದುಕೊಂಡದ್ದಾಗಿರುವುದಿಲ್ಲ.

ಹೊಸಬರ ಮಾದರಿಗಳು ನಿಜಕ್ಕೂ ಕೆಡುವ ಜಾಗ ಯಾವುದು ಎಂದರೆ ಗಾಳಿ. ರಚನಾ ವಿಶ್ಲೇಷಣೆಯಲ್ಲಿ ಗಾಳಿಗೆ ಮೆಶ್ ಹಾಕುವ ಅಭ್ಯಾಸವೇ ಇರುವುದಿಲ್ಲ. ಇಲ್ಲಿ ಕ್ಷೇತ್ರವಿರುವುದೇ ಗಾಳಿಯಲ್ಲಿ, ಆದ್ದರಿಂದ ತೆರಪಿಗೆ, ತೊಲೆಯ ಮೇಲಕ್ಕೆ, ಬದಿಗಳಿಗೆ ಎಲ್ಲ ಕಡೆ ಎಲಿಮೆಂಟ್‌ಗಳು (ಮೆಶ್‌ನ ತುಣುಕುಗಳು) ಬೇಕು. ಬದಿಯಲ್ಲಿ ತೆರಪಿನ ಕೆಲವು ಪಟ್ಟು ದೂರದವರೆಗಾದರೂ ಬೇಕು. ತೊಲೆ ಬಾಗಿದಂತೆ ಗಾಳಿಯ ಮೆಶ್ ಕೂಡ ಸರಿಯಬೇಕು. ಕೆಲವು ಸಾಫ್ಟ್‌ವೇರ್‌ಗಳು ಗಾಳಿಯನ್ನು ಅತಿ ಮೆದುವಾದ ಘನವೆಂದು ಭಾವಿಸಿ ಅದನ್ನು ಸರಿಸುತ್ತವೆ, ಕೆಲವು ಮೆಶ್ ಸರಿಸುವುದಕ್ಕೆಂದೇ ಬೇರೆ ಸಮೀಕರಣ ಬಿಡಿಸುತ್ತವೆ. ಮೆದು ಘನದ ದಾರಿಯಲ್ಲಿ ಆ ಸುಳ್ಳು ಬಿಗಿತ ತೊಲೆಯನ್ನು ಎತ್ತಿಹಿಡಿಯುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು ನಿಮ್ಮ ಹೊಣೆ. ಗಾಳಿಯ ಗುಣಾಂಕವನ್ನು ಹತ್ತು ಪಟ್ಟು ಇಳಿಸಿ ಮತ್ತೆ ಓಡಿಸಿ. ತುದಿಯ ಪಲ್ಲಟ ಬದಲಾದರೆ ಮೊದಲಿನದು ತಪ್ಪು. ತೆರಪಿನ ಎತ್ತರಕ್ಕೆ ಒಂದೇ ಎಲಿಮೆಂಟ್ ಇಟ್ಟರೆ ಸಮಾನಾಂತರ ಫಲಕದ ಉತ್ತರ ಹೇಗೋ ಬರುತ್ತದೆ, ಅಂಚಿನ ಕ್ಷೇತ್ರ ಬರುವುದಿಲ್ಲ. ನಾಲ್ಕೈದು ಪದರ ಇಡಿ. ಮತ್ತು ತೊಲೆ ಎಲೆಕ್ಟ್ರೋಡನ್ನು ಪೂರ್ತಿ ಮುಟ್ಟಲು ಬಿಡಬೇಡಿ. ಗಾಳಿಯ ಎಲಿಮೆಂಟ್ ಶೂನ್ಯ ದಪ್ಪಕ್ಕೆ ಕುಸಿದರೆ ಲೆಕ್ಕವೂ ಕುಸಿಯುತ್ತದೆ. ನಿಜವಾದ ಸ್ವಿಚ್‌ಗಳಲ್ಲಿ ಇರುವ ಡೈಎಲೆಕ್ಟ್ರಿಕ್ ಪದರದ ಸ್ವಲ್ಪ ಮೇಲೆಯೇ ಸಂಪರ್ಕದ ಮಿತಿ ಹಾಕಿ ನಿಲ್ಲಿಸಬೇಕು.

ತೊಲೆಯ ಚೂಪಾದ ಮೂಲೆಗಳಲ್ಲಿ ವಿದ್ಯುತ್ ಕ್ಷೇತ್ರ ಮೆಶ್ ಸೂಕ್ಷ್ಮವಾದಷ್ಟೂ ಏರುತ್ತಲೇ ಹೋಗುತ್ತದೆ. ಗಾಬರಿಯಾಗಬೇಡಿ, ಒಳಮೂಲೆಯ ಪ್ರತಿಬಲದ ಕಥೆಯೇ ಇದು. ಒಟ್ಟು ಬಲ ಮತ್ತು ಕೆಪ್ಯಾಸಿಟೆನ್ಸ್ ಸ್ಥಿರಗೊಳ್ಳುತ್ತಿವೆಯೇ ಎಂದಷ್ಟೇ ನೋಡಿ.

ಏಕಮಾನಗಳ ವಿಷಯ. ಮೈಕ್ರೋಮೀಟರ್, ಕಿಲೋಗ್ರಾಂ, ಸೆಕೆಂಡ್, ವೋಲ್ಟ್ ಇರುವ ಪದ್ಧತಿಯಲ್ಲಿ ಬಲ ಮೈಕ್ರೋನ್ಯೂಟನ್‌ನಲ್ಲಿ, ಒತ್ತಡ ಮೆಗಾಪಾಸ್ಕಲ್‌ನಲ್ಲಿ, ಕೆಪ್ಯಾಸಿಟೆನ್ಸ್ ಪಿಕೋಫ್ಯಾರಡ್‌ನಲ್ಲಿ ಬರುತ್ತದೆ. ಆಗ ವಿದ್ಯುತ್‌ಶೀಲತೆ ಮೈಕ್ರೋಮೀಟರಿಗೆ 8.854 ಗುಣಿಸು 10ರ ಘಾತ ಮೈನಸ್ 6 ಪಿಕೋಫ್ಯಾರಡ್. ಇದನ್ನು ಬದಲಿಸಲು ಮರೆತು ಮೀಟರ್ ಪದ್ಧತಿಯ ಮೌಲ್ಯವನ್ನೇ ಬಿಟ್ಟರೆ ಬಲ ಹತ್ತು ಲಕ್ಷ ಪಟ್ಟು ಕಡಿಮೆಯಾಗುತ್ತದೆ, ತೊಲೆ ಅಲುಗುವುದೇ ಇಲ್ಲ, ಸಾಲ್ವರ್ ಸಂತೋಷದಿಂದ ಕನ್ವರ್ಜ್ ಆಗುತ್ತದೆ. ಇದಕ್ಕೆ ಮದ್ದು ಸುಲಭ: ರಚನೆಯನ್ನು ಕದಲದಂತೆ ಕಟ್ಟಿಹಾಕಿ ಕೇವಲ ಕೆಪ್ಯಾಸಿಟೆನ್ಸ್ ಲೆಕ್ಕಿಸಿ. ಮೇಲಿನ ಚೌಕ ಫಲಕಕ್ಕೆ 0.0443 ಪಿಕೋಫ್ಯಾರಡ್ ಬರಬೇಕು, ಅಂಚಿನ ಕ್ಷೇತ್ರ ಸೇರಿದರೆ ತುಸು ಹೆಚ್ಚು. ಅದು ಸರಿಹೋಗುವವರೆಗೆ ಜೋಡಣೆಯ ಗುಂಡಿ ಮುಟ್ಟಬಾರದು.

ಸಾಫ್ಟ್‌ವೇರ್ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ, ಕೈಗೆ ಸಿಕ್ಕಿದ್ದು ಸಾಕು. ಆನ್ಸಿಸ್ ಇದ್ದರೆ ಟ್ರಾನ್ಸ್126 ಎಂಬ ಎಲಿಮೆಂಟ್‌ನಿಂದ ಶುರುಮಾಡಿ. ಅದಕ್ಕೆ ಗಾಳಿಯ ಮೆಶ್ ಬೇಡ. ತೆರಪಿನ ಜೊತೆ ಕೆಪ್ಯಾಸಿಟೆನ್ಸ್ ಹೇಗೆ ಬದಲಾಗುತ್ತದೆ ಎಂದು ತಿಳಿಸಿದರೆ ಎರಡು ನೋಡ್‌ಗಳ (ಮೆಶ್‌ನ ಬಿಂದುಗಳ) ನಡುವಿನ ಎಳೆತವನ್ನು ಅದೇ ನೋಡಿಕೊಳ್ಳುತ್ತದೆ. ಮೇಲಿನ ಕ್ಯಾಲ್ಕುಲೇಟರ್ ಲೆಕ್ಕವನ್ನು ಮೊದಲು ಇದರಲ್ಲಿ ಮಾಡಿ 11.57 ಪಡೆಯಿರಿ. ಆಮೇಲೆ ಸಾಲಿಡ್226 ತರಹದ ಜೋಡಿ ಕ್ಷೇತ್ರದ ಎಲಿಮೆಂಟ್‌ಗಳಿಗೆ ಹೋಗಿ. ಅಲ್ಲಿ ವಿದ್ಯುತ್ ಬಲ ಎಲ್ಲ ನೋಡ್‌ಗಳ ಮೇಲೆ ಬೀಳಬೇಕೇ, ಗಾಳಿ ಮತ್ತು ರಚನೆ ಸೇರುವ ಗಡಿಯಲ್ಲಿ ಮಾತ್ರವೇ ಎಂದು ಆರಿಸುವ ಆಯ್ಕೆಯೊಂದಿದೆ; ಅದನ್ನು ಓದದೆ ಮುಂದೆ ಹೋಗಬೇಡಿ. ಕಾಮ್ಸಾಲ್‌ನಲ್ಲಿ ಚಲಿಸುವ ಮೆಶ್ ಸಮೇತ ಈ ಜೋಡಣೆ ಸಿದ್ಧವಾಗಿಯೇ ಇರುತ್ತದೆ, ಪಲ್ಲಟ ನಿಗದಿ ಮಾಡಿ ವೋಲ್ಟೇಜ್ ಕೇಳುವ ತಂತ್ರಕ್ಕೂ ಒಂದು ಹೆಚ್ಚುವರಿ ಸಮೀಕರಣ ಸೇರಿಸಿದರೆ ಸಾಕು. ದುಡ್ಡು ಕೊಡಲಾಗದವರಿಗೆ ಫಿನ್‌ಲೆಂಡಿನ ಸಿಎಸ್‌ಸಿ ಸಂಸ್ಥೆಯ ಎಲ್ಮರ್ ಉಚಿತ. ಒರಟಾಗಿದೆ, ಆದರೆ ವಿದ್ಯುತ್ ಸಾಲ್ವರ್, ರಚನೆಯ ಸಾಲ್ವರ್, ಮೆಶ್ ಸರಿಸುವ ಸಾಲ್ವರ್ ಮೂರನ್ನೂ ನೀವೇ ಸಾಲಾಗಿ ಜೋಡಿಸಬೇಕಾದ್ದರಿಂದ ಒಳಗೆ ಏನು ನಡೆಯುತ್ತದೆ ಎಂಬುದು ಮುಚ್ಚಿಟ್ಟಂತಿರುವುದಿಲ್ಲ. ಕಲಿಯುವವರಿಗೆ ನಾನು ಎಲ್ಮರ್ ಅನ್ನೇ ಹೇಳುತ್ತೇನೆ.

ಫಲಕ, ತೊಲೆ ಎರಡೂ ಮುಗಿದ ಮೇಲೆ ಬಾಚಣಿಗೆಯ ಹಲ್ಲುಗಳಂಥ ಕೋಂಬ್ ಡ್ರೈವ್ ಮಾಡಿ. ಅಲ್ಲಿ ಹಲ್ಲುಗಳು ಒಂದರೊಳಗೊಂದು ಜಾರುವ ದಿಕ್ಕಿನಲ್ಲಿ ಬಲ ಪಲ್ಲಟದ ಮೇಲೆ ಹೆಚ್ಚುಕಡಿಮೆ ಅವಲಂಬಿಸುವುದೇ ಇಲ್ಲ, ಹಾಗಾಗಿ ಆ ದಿಕ್ಕಿನಲ್ಲಿ ಪುಲ್-ಇನ್ ಇಲ್ಲ. ಅಡ್ಡ ದಿಕ್ಕಿನಲ್ಲಿ ಮಾತ್ರ ಇದೆ. ನಿಮ್ಮ ಮಾದರಿ ಎರಡನ್ನೂ ತೋರಿಸಿದರೆ ಜೋಡಣೆ ಸರಿಯಾಗಿದೆ.

ಕಾಲದೊಂದಿಗೆ ಬದಲಾಗುವ ವಿಶ್ಲೇಷಣೆಗೆ ಕೈಹಾಕುವ ಮುನ್ನ ಎರಡು ಮಾತು ತಿಳಿದಿರಲಿ. ಬಲ ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ, ಶುದ್ಧ ಪರ್ಯಾಯ ವೋಲ್ಟೇಜ್ ಕೊಟ್ಟರೆ ತೊಲೆ ಅದರ ಎರಡರಷ್ಟು ಆವರ್ತನದಲ್ಲಿ ಕಂಪಿಸುತ್ತದೆ. ಮತ್ತು ನೇರ ವೋಲ್ಟೇಜ್ ಏರಿದಂತೆ ಸ್ವಾಭಾವಿಕ ಆವರ್ತನ ಇಳಿಯುತ್ತದೆ. ಚೌಕ ಫಲಕಕ್ಕೆ 10 ವೋಲ್ಟ್‌ನಲ್ಲಿ ಬಿಗಿತದ ಶೇಕಡಾ 37 ಹೋಗಿರುತ್ತದೆ, ಮೇಲೆ ಕಂಡ 0.37 ಇದೇ; ಆವರ್ತನ ಸುಮಾರು ಶೇಕಡಾ 20 ಕುಸಿದಿರುತ್ತದೆ. ವೋಲ್ಟೇಜನ್ನು ನಿಧಾನವಾಗಿ ಏರಿಸದೆ ಒಮ್ಮೆಲೇ ಹಾಕಿದರೆ ಫಲಕ ತನ್ನ ವೇಗದಿಂದಲೇ ಸಮತೋಲನ ದಾಟಿಬಿಡುತ್ತದೆ, ಗಾಳಿಯ ತಡೆ ಇಲ್ಲದಿದ್ದರೆ 11.57ರ ಬದಲು 10.63 ವೋಲ್ಟ್‌ಗೇ ಬಡಿಯುತ್ತದೆ. ಗಾಳಿಯ ತಡೆಯನ್ನು ಸೇರಿಸಬೇಕಾದರೆ ತೆಳು ಪದರದ ರೆನಾಲ್ಡ್ಸ್ ಸಮೀಕರಣ ಬೇಕಾಗುತ್ತದೆ, ಅದು ಮೂರನೆಯ ಕ್ಷೇತ್ರ. ಸದ್ಯಕ್ಕೆ ಬೇಡ.

ಈಗ ನಿಮ್ಮ ಮಾದರಿಯನ್ನು ತೆರೆದು 22ರಿಂದ ಮುಂದೆ 0.1 ವೋಲ್ಟ್‌ನ ಹೆಜ್ಜೆಯಲ್ಲಿ ಹೋಗಿ, ಪ್ರತಿ ಹೆಜ್ಜೆಗೂ ತುದಿಯ ಪಲ್ಲಟ ಮತ್ತು ಸುತ್ತುಗಳ ಸಂಖ್ಯೆ ಬರೆದುಕೊಳ್ಳಿ. ಕೊನೆಯ ಯಶಸ್ವಿ ಹೆಜ್ಜೆಯಲ್ಲಿ ತುದಿ 0.8 ಮೈಕ್ರೋಮೀಟರಿನ ಆಸುಪಾಸಿಗೆ ಬಂದು, ಸುತ್ತುಗಳೂ ಏರಿದ್ದರೆ, ಪಲ್ಲಟ ನಿಗದಿಪಡಿಸಿ ಶಿಖರವನ್ನು ಖಚಿತಪಡಿಸಿಕೊಂಡು ಆ ವೋಲ್ಟೇಜನ್ನೇ ವರದಿಯಲ್ಲಿ ಪುಲ್-ಇನ್ ಎಂದು ಬರೆಯಿರಿ. ತುದಿ ಇನ್ನೂ 0.3 ಕೂಡ ದಾಟಿರದಿದ್ದರೆ ಮೊದಲು ಗಾಳಿಯ ಮೆಶ್ ನೋಡಿ.